ಬಣ್ಣದ ವೇಷದ ಡ್ರ್ಯಾಗನ್ ಮೊಟ್ಟೆಗಳು: ದೋಷ ನಿವಾರಣೆ ಕೈಪಿಡಿ

ಹಾಡು, ಕುಣಿತ, ಮಾತು ಒಂದಾಗಿ ಬೆರೆತ ರಂಗಪ್ರಕಾರಗಳ ವೇಷಭೂಷಣವನ್ನು ನೋಡಿ ರೂಪಿಸುವ ಅಲಂಕಾರದ ಡ್ರ್ಯಾಗನ್ ಮೊಟ್ಟೆಗಳಲ್ಲಿ ಕಾಣಿಸಿಕೊಳ್ಳುವ ದೋಷಗಳನ್ನು ಗುರುತಿಸಿ ಸರಿಪಡಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯವರಿಗೆ ಹಾಡಿನ ರಂಗಭೂಮಿ ಎಂದೊಡನೆ ನೆನಪಾಗುವುದು ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಯಕ್ಷಗಾನವೇ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಡ್ರ್ಯಾಗನ್ ಮೊಟ್ಟೆ ಮಾಡಹೊರಟರೆ ಅದರ ಮೈಮೇಲೆ ಬಣ್ಣದ ವೇಷದ (ರಕ್ಕಸ ಪಾತ್ರದ) ಮುಖದಲ್ಲಿ ಮುಳ್ಳಿನಂತೆ ನಿಲ್ಲುವ ಬಿಳಿ ಚುಟ್ಟಿ, ಕಿರೀಟದ ಹೊಳೆಯುವ ಬೇಗಡೆ, ಕನ್ನಡಿ ಚೂರು ಮೂಡುವುದರಲ್ಲಿ ಆಶ್ಚರ್ಯವಿಲ್ಲ. ಹೊರದೇಶದಲ್ಲಿರುವ ಬಂಧುಗಳಿಂದ ಬೇರೆ ಬಗೆಯ ಬೇಡಿಕೆಯೂ ಬರುತ್ತದೆ: 2003ರಲ್ಲಿ ನ್ಯೂಯಾರ್ಕಿನ ಗರ್ಶ್ವಿನ್ ಥಿಯೇಟರಿನಲ್ಲಿ ಆರಂಭವಾದ ‘ವಿಕೆಡ್’ ಎಂಬ ಸಂಗೀತ ನಾಟಕದ ರಂಗದ ಮೇಲ್ಭಾಗದಲ್ಲಿ ಯಂತ್ರದ ಡ್ರ್ಯಾಗನ್ ಒಂದಿದೆ, ಅದನ್ನೂ ಆ ನಾಟಕದ ಹಸಿರು ಬಣ್ಣವನ್ನೂ ನೆನಪಿಸುವ, ಗಾಜಿನಂತೆ ಹೊಳೆಯುವ ಹಸಿರು ಮೊಟ್ಟೆಯನ್ನು ಅವರು ಕೇಳುತ್ತಾರೆ. ಎರಡು ಬಗೆಯ ಮೊಟ್ಟೆಗಳೂ ಒಂದೇ ಹವೆಯಲ್ಲಿ ಕೆಡುವುದರಿಂದ ಎರಡನ್ನೂ ಒಟ್ಟಿಗೇ ಪರಿಶೀಲಿಸಬಹುದು.

ದುರಸ್ತಿಗೆ ಬರುವ ಮೊಟ್ಟೆಗಳ ಪೈಕಿ ಹೆಚ್ಚಿನವು ಒಮ್ಮೆಯಾದರೂ ಮೇಲಿನಿಂದ ಬಣ್ಣ ಬಳಿಸಿಕೊಂಡೇ ಬಂದಿರುತ್ತವೆ. ಅಂಟು ಬಿಡುವ ಮೈಗೆ ಇನ್ನೊಂದು ಪದರ ವಾರ್ನಿಷ್, ಕಪ್ಪಾದ ಚಿನ್ನಕ್ಕೆ ಇನ್ನೊಂದು ಪದರ ಚಿನ್ನ, ಸಡಿಲವಾದ ಹುರುಪೆಗೆ (ಡ್ರ್ಯಾಗನಿನ ಮೈಯ ಬಿಲ್ಲೆಗೆ) ಇನ್ನೊಂದು ಹನಿ ಅಂಟು ಎಂಬುದೇ ಸಾಮಾನ್ಯವಾದ ಉಪಾಯ. ಇದರಿಂದ ದೋಷ ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಏಕೆಂದರೆ ಇಂತಹ ಮೊಟ್ಟೆಗಳಲ್ಲಿ ದೋಷವು ಕಾಣಿಸುವ ಪದರ ಒಂದು, ಹುಟ್ಟುವ ಪದರ ಇನ್ನೊಂದು. ಮೊಟ್ಟೆಯ ಒಳಗಿನ ಅಚ್ಚಾದ ಗರ್ಭ, ಅದರ ಮೇಲಿನ ಹುರುಪೆ ಅಥವಾ ಚುಟ್ಟಿ, ಅವುಗಳನ್ನು ಹಿಡಿದಿರುವ ಅಂಟು, ಬಣ್ಣ, ಲೋಹದ ಹೊದಿಕೆ, ಕೊನೆಯ ವಾರ್ನಿಷ್ ಎಂಬ ಅನುಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು, ಪರೀಕ್ಷೆಯನ್ನು ಒಳಗಿನಿಂದ ಹೊರಕ್ಕೆ ನಡೆಸತಕ್ಕದ್ದು. ಕಾರಣ ಗೊತ್ತಾಗುವವರೆಗೆ ಮೇಲಿನಿಂದ ಏನನ್ನೂ ಬಳಿಯಕೂಡದು.

ಮೊದಲ ತಪಾಸಣೆ

ಮೊಟ್ಟೆಯನ್ನು ಯಾರು ಯಾವಾಗ ಮಾಡಿದರು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು. ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ವೇಷದ ಕೆಲಸ ಬಲ್ಲವರಿಗೆ ಬಿಡುವು ದೊರೆಯುವುದರಿಂದ ಇಂತಹ ಕರಕುಶಲದ ಕೆಲಸವೂ ಆಗಲೇ ಹೆಚ್ಚುತ್ತದೆ. ಆದರೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ, ಆ ಮಳೆಯ ಬಹುಪಾಲು ಸುರಿಯುವ ತಿಂಗಳುಗಳೂ ಅವೇ. ಜೋರು ಮಳೆಯ ತುಳು ತಿಂಗಳಾದ ಆಟಿಯಲ್ಲಿ ಮಾಡಿದ ಮೊಟ್ಟೆಯ ಒಳಪದರಗಳು ಒಣಗದೆಯೇ ವಾರ್ನಿಷಿನಡಿ ಮುಚ್ಚಿಹೋಗಿರುವ ಸಂಭವವಿದೆ ಎಂದು ಮೊದಲೇ ಎಣಿಸಿಕೊಂಡು ಪರೀಕ್ಷೆಗೆ ತೊಡಗುವುದು ಒಳ್ಳೆಯದು.

ಅನಂತರ ಮೊಟ್ಟೆಯನ್ನು ಕೈಯಲ್ಲಿ ಹಿಡಿದು ಭಾರವನ್ನು ಅಂದಾಜು ಮಾಡಬೇಕು. ಗಾತ್ರಕ್ಕೆ ತೀರಾ ಹಗುರವಾಗಿದ್ದರೆ ಗರ್ಭ ಥರ್ಮಾಕೋಲಿನದು. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಕಾಗದದ ಪಲ್ಪಿನದೋ ನಿಜವಾದ ಬಾತುಕೋಳಿ ಮೊಟ್ಟೆಯ ಚಿಪ್ಪಿನದೋ ಆಗಿರುತ್ತದೆ. ಚಿಪ್ಪಿನ ಮೊಟ್ಟೆಯಾದರೆ ಊದಿ ಖಾಲಿ ಮಾಡಿದ ರಂಧ್ರದ ಬಳಿ ಮೂಸಿ ನೋಡಬೇಕು. ಲೋಹದ ಹುರುಪೆಗಳಿದ್ದರೆ ಅಯಸ್ಕಾಂತವನ್ನು ಹತ್ತಿರ ಹಿಡಿಯಬೇಕು: ತಲೆಯೇ ಹುರುಪೆಯಾಗಿ ಕಾಣುವಂತೆ ಚುಚ್ಚುವ, ಹಿತ್ತಾಳೆಯಂತೆ ಹೊಳೆಯುವ ಬೋರ್ಡ್ ಪಿನ್ನುಗಳಲ್ಲಿ ಬಹಳಷ್ಟು ಹಿತ್ತಾಳೆಯ ಲೇಪವಿರುವ ಉಕ್ಕಿನವೇ, ಅವು ಅಯಸ್ಕಾಂತಕ್ಕೆ ಅಂಟುತ್ತವೆ, ಅಪ್ಪಟ ಹಿತ್ತಾಳೆ ಅಂಟುವುದಿಲ್ಲ. ಕೊನೆಯದಾಗಿ ಬುಡದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಉಗುರಿನಿಂದ ಒತ್ತಿ ಗುರುತು ಮೂಡುತ್ತದೆಯೇ ಎಂದು ನೋಡಬೇಕು. ಗುರುತು ಮೂಡಿದರೆ ಮೇಲಿನ ಪದರ ಒಣಗಿದಂತೆ ಕಂಡರೂ ಕೆಳಗಿನದು ಮೆತ್ತಗೇ ಇದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಹಳೆಯ ಮೇಳದ ಪೆಟ್ಟಿಗೆಯಿಂದ ಬಂದ ಬಣ್ಣದ ಪುಡಿಗಳನ್ನು ಮೊಟ್ಟೆಗೆ ಬಳಸಿದ್ದಾರೆಂದು ತಿಳಿದುಬಂದರೆ ಅದನ್ನು ಸ್ಯಾಂಡ್‌ಪೇಪರಿನಿಂದ ಒಣದಾಗಿ ಉಜ್ಜಕೂಡದು. ಅಂತಹ ಪುಡಿಗಳಲ್ಲಿ ಹಳದಿಯಾದ ಅರದಾಳವು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಕೆಂಪಾದ ಇಂಗಳೀಕವು ಪಾದರಸ ಮತ್ತು ಗಂಧಕದ ಸಂಯುಕ್ತ. ಇವುಗಳ ಧೂಳು ಉಸಿರಿನೊಳಗೆ ಹೋಗುವುದು ಅಪಾಯಕರ. ಅಂತಹ ಮೊಟ್ಟೆಯನ್ನು ಮಕ್ಕಳ ಕೈಗೂ ಕೊಡಕೂಡದು.

ಹುರುಪೆ ಕಳಚುವುದು

ಹುರುಪೆಗಳು ಪಿನ್ನಿನವೋ, ಅಡಿಕೆ ಹಾಳೆಯವೋ, ಪಾಲಿಮರ್ ಕ್ಲೇಯವೋ ಎಂಬುದರ ಮೇಲೆ ಕಾರಣ ಬೇರೆಯಾಗುತ್ತದೆ.

ಪಿನ್ನು ಒತ್ತಿ ಮಾಡಿದ ಮೊಟ್ಟೆಯಲ್ಲಿ ಥರ್ಮಾಕೋಲ್ ಪಿನ್ನನ್ನು ಹಿಡಿದಿಡುವುದು ಬರಿಯ ಘರ್ಷಣೆಯಿಂದ. ಒಮ್ಮೆ ಚುಚ್ಚಿ, ಸಾಲು ಸೊಟ್ಟಗಾಯಿತೆಂದು ಕಿತ್ತು, ಅದೇ ತೂತಿಗೆ ಮತ್ತೆ ಚುಚ್ಚಿದರೆ ಆ ಹಿಡಿತವೂ ಉಳಿಯುವುದಿಲ್ಲ. ಇದನ್ನು ತಿಳಿದವರು ಪಿನ್ನಿನ ತುದಿಯನ್ನು ನೀರಿನ ಅಂಶವಿರುವ ಬಿಳಿ ಅಂಟಿನಲ್ಲಿ ಅದ್ದಿ ಚುಚ್ಚುತ್ತಾರೆ. ಥರ್ಮಾಕೋಲಿನೊಳಗೆ ಸಿಕ್ಕಿಕೊಂಡ ಅಂಟಿನ ನೀರು ಹೊರಹೋಗಲು ದಾರಿಯಿಲ್ಲದೆ ಅದು ಬಹುಕಾಲ ಹಸಿಯಾಗಿಯೇ ಇರುತ್ತದೆ. ಪಿನ್ನು ಉಕ್ಕಿನದಾಗಿದ್ದರೆ ಅದರ ಕಾಲು ಅಲ್ಲೇ ತುಕ್ಕು ಹಿಡಿಯಲಾರಂಭಿಸುತ್ತದೆ. ಹೊರಗಿನಿಂದ ನೋಡಿದರೆ ಹುರುಪೆಯ ಅಂಚಿನಲ್ಲಿ ಕಂದು ಗೆರೆಯೊಂದು ಮೂಡಿರುತ್ತದೆ, ಬಣ್ಣ ಅಲ್ಲಿ ಸಣ್ಣದಾಗಿ ಉಬ್ಬಿರುತ್ತದೆ. ಆಗ ಬಣ್ಣವನ್ನು ದೂರುವುದು ಸುಲಭ. ಪರೀಕ್ಷೆ ಮಾಡಲು ಅಂತಹ ಒಂದು ಪಿನ್ನನ್ನು ಪೂರ್ತಿ ಕಿತ್ತು ನೋಡಬೇಕು: ತಲೆ ಮಾತ್ರ ಕಂದಾಗಿ ಕಾಲು ಹೊಳೆಯುತ್ತಿದ್ದರೆ ತೇವ ಹೊರಗಿನಿಂದ ಬಂದದ್ದು, ಮೇಲಿನ ವಾರ್ನಿಷ್ ಸಾಲದು, ಕಾಲೇ ಕಂದಾಗಿದ್ದರೆ ತೇವ ಒಳಗಿನದು, ವಾರ್ನಿಷ್ ಎಷ್ಟು ಬಳಿದರೂ ಪ್ರಯೋಜನವಿಲ್ಲ. ಎರಡನೆಯ ಸಂದರ್ಭದಲ್ಲಿ ಆ ಸಾಲಿನ ಪಿನ್ನುಗಳನ್ನೆಲ್ಲ ತೆಗೆದು, ತೂತುಗಳನ್ನು ಒಣಗಲು ಬಿಟ್ಟು, ಅಪ್ಪಟ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಪಿನ್ನುಗಳನ್ನು ಎರಡು ಭಾಗ ಬೆರೆಸುವ ಎಪಾಕ್ಸಿ ಅಂಟಿನಿಂದ ಕೂರಿಸಬೇಕು. ಎಪಾಕ್ಸಿ ಗಟ್ಟಿಯಾಗುವುದು ನೀರು ಆರಿ ಅಲ್ಲ, ತನ್ನೊಳಗಿನ ರಾಸಾಯನಿಕ ಕ್ರಿಯೆಯಿಂದ. ಆದುದರಿಂದ ಮುಚ್ಚಿದ ಜಾಗದಲ್ಲಿಯೂ ಅದು ಗಟ್ಟಿಯಾಗುತ್ತದೆ. ಬೇಗ ಹಿಡಿಯುತ್ತದೆಂಬ ಆಸೆಯಿಂದ ತಕ್ಷಣ ಅಂಟುವ ಸೂಪರ್ ಗ್ಲೂ ಬಳಸಿದರೆ ಸಾಮಾನ್ಯ ಬಗೆಯದು ಥರ್ಮಾಕೋಲನ್ನೇ ಕರಗಿಸಿ ಹುರುಪೆಯ ಹಿಂದೆ ಗುಳಿ ಮಾಡುತ್ತದೆ. ಬೆರಳಿನಿಂದ ಒತ್ತಿದಾಗ ಹುರುಪೆ ಒಳಕ್ಕೆ ಜಾರಿ ಮತ್ತೆ ಹೊರಬರುವಂತೆ ತೋರಿದರೆ ಇದೇ ಕಾರಣ. ಅಂತಹ ಗುಳಿಯನ್ನು ಎಪಾಕ್ಸಿ ಪುಟ್ಟಿಯಿಂದ ತುಂಬಿಸಿದ ಮೇಲೆಯೇ ಹೊಸ ಹುರುಪೆ ಕೂರಿಸಬೇಕು.

ಅಡಿಕೆ ಹಾಳೆಯ ಹುರುಪೆಗಳ ಕತೆ ಬೇರೆ. ತೋಟದಲ್ಲಿ ಬಿದ್ದ ಹಾಳೆಯನ್ನು ಕತ್ತರಿಸಿ ಹುರುಪೆ ಮಾಡುವುದು ನಮ್ಮ ಕಡೆಯ ಒಳ್ಳೆಯ ಯೋಚನೆ. ಅದರ ನಾರಿನ ಗೆರೆಗಳೇ ಹಾವಿನ ಮೈಯ ಭಾಸವನ್ನು ಕೊಡುತ್ತವೆ, ಪ್ಲಾಸ್ಟಿಕಿನ ಹುರುಪೆಗೆ ಆ ಗುಣವಿಲ್ಲ. ಆದರೆ ಹಾಳೆ ತೇವವನ್ನು ಹೀರಿದಾಗ ನಾರಿನ ಉದ್ದಕ್ಕೆ ಬೆಳೆಯುವುದು ತೀರಾ ಅಲ್ಪ, ಅಡ್ಡಕ್ಕೆ ಬೆಳೆಯುವುದು ಹೆಚ್ಚು. ಹೊರಮೈಗೆ ಮಾತ್ರ ಬಣ್ಣ ಬಳಿದು ಒಳಮೈಯನ್ನು ಹಾಗೆಯೇ ಬಿಟ್ಟಿದ್ದರೆ ಒಳಮೈ ಮಾತ್ರ ಹಿಗ್ಗಿ ಕುಗ್ಗಿ ಹುರುಪೆಯು ಸುರುಳಿಗೊಳ್ಳುತ್ತದೆ, ಅಂಟಿನ ಹಿಡಿತವನ್ನು ತಾನೇ ಬಿಡಿಸಿಕೊಳ್ಳುತ್ತದೆ. ಕಳಚಿ ಬಿದ್ದ ಹುರುಪೆಯ ಹಿಂಭಾಗ ಬರಿಯ ಹಾಳೆಯಾಗಿ ಕಂಡರೆ ಕಾರಣ ಖಚಿತವಾಯಿತು. ಕಳಚಿದ್ದನ್ನು ತೇವದ ಬಟ್ಟೆಯಲ್ಲಿ ಸುತ್ತಿ ಮೆದುವಾದ ಮೇಲೆ ಭಾರದಡಿ ಚಪ್ಪಟೆಯಾಗಿ ಒಣಗಿಸಿ, ಎರಡೂ ಮೈಗೂ ಕತ್ತರಿಸಿದ ಅಂಚುಗಳಿಗೂ ವಾರ್ನಿಷ್ ಬಳಿದು, ಅನಂತರ ಅಂಟಿಸಬೇಕು. ಅಂಚನ್ನು ಮರೆಯುವವರು ಬಹಳ. ನಾರಿನ ತುದಿಗಳು ತೆರೆದಿರುವುದು ಅಲ್ಲಿಯೇ ಆದುದರಿಂದ ತೇವ ಹೆಚ್ಚಾಗಿ ಒಳಹೋಗುವುದೂ ಅಲ್ಲಿಂದಲೇ.

ಮೈದಾ ಗೋಂದಿನಿಂದ ಅಂಟಿಸಿದ ಹುರುಪೆಗಳು ಉದುರಿ, ಕೆಳಗೆ ನುಣುಪು ಪುಡಿ ಕಂಡರೆ ಅದು ಹುಳದ ಕೆಲಸ. ಗೋಂದನ್ನು ಪೂರ್ತಿ ಕೆರೆದು ತೆಗೆದು ಬೇರೆ ಅಂಟಿನಿಂದ ಅಂಟಿಸುವುದಲ್ಲದೆ ಬೇರೆ ದಾರಿಯಿಲ್ಲ.

ಮೈ ಅಂಟಂಟಾಗಿಯೇ ಉಳಿಯುವುದು

ತಿಂಗಳು ಕಳೆದರೂ ಮೊಟ್ಟೆಯ ಮೈ ಬೆರಳಿಗೆ ಅಂಟುತ್ತದೆ, ಸುತ್ತಿಟ್ಟ ಕಾಗದ ಅದಕ್ಕೆ ಕಚ್ಚಿಕೊಳ್ಳುತ್ತದೆ ಎಂಬುದು ಹಸಿರು ಹೊಳಪಿನ ಮೊಟ್ಟೆಗಳಲ್ಲಿ ಹೆಚ್ಚಾಗಿ ಕೇಳಿಬರುವ ದೂರು. ಮಳೆಗಾಲವಾದುದರಿಂದ ಒಣಗಿಲ್ಲ ಎಂದು ಹೇಳಿ ಬಿಸಿಲಿಗಾಗಿ ಕಾಯುವವರಿದ್ದಾರೆ. ಮಳೆಗಾಲ ಒಣಗುವಿಕೆಯನ್ನು ನಿಧಾನಗೊಳಿಸುತ್ತದೆ ನಿಜ. ಆದರೆ ನವರಾತ್ರಿ ಕಳೆದ ಮೇಲೂ ಅಂಟುತ್ತಿದ್ದರೆ ಮಳೆಯನ್ನು ದೂರಿ ಫಲವಿಲ್ಲ.

ಮೊದಲ ಕಾರಣ ಪಾಲಿಮರ್ ಕ್ಲೇ. ಇದು ಮಣ್ಣಲ್ಲ, ಪಿ.ವಿ.ಸಿ.ಯನ್ನು ಮೃದುಕಾರಕ ದ್ರವದೊಂದಿಗೆ ಬೆರೆಸಿದ ಪ್ಲಾಸ್ಟಿಕ್. ಬೇಯಿಸಿದ ಮೇಲೂ ಆ ಮೃದುಕಾರಕ ಅದರಲ್ಲಿಯೇ ಇರುತ್ತದೆ; ಸ್ಪ್ರೇ ಡಬ್ಬಿಯ ಎನಾಮಲ್ ಬಣ್ಣವನ್ನು ನೇರವಾಗಿ ಅದರ ಮೇಲೆ ಹೊಡೆದರೆ ಮೃದುಕಾರಕವು ಬಣ್ಣದ ಪದರಕ್ಕೆ ನುಸುಳಿ ಅದನ್ನು ಎಂದೂ ಗಟ್ಟಿಯಾಗಲು ಬಿಡುವುದಿಲ್ಲ. ಒಂದೇ ಮೊಟ್ಟೆಯಲ್ಲಿ ಕ್ಲೇ ಇರುವ ಕಡೆ ಅಂಟು, ಲೋಹ ಇರುವ ಕಡೆ ಗಟ್ಟಿ ಎಂದು ಕಂಡರೆ ಬೇರೆ ಪರೀಕ್ಷೆಯ ಅಗತ್ಯವಿಲ್ಲ. ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ಆ ಬಣ್ಣವನ್ನು ತೆಗೆದು, ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿ ಹಲವು ಸಲ ಬಳಿಯಬೇಕು. ಕ್ಲೇ ಸರಿಯಾಗಿ ಬೆಂದಿದೆಯೇ ಎಂಬುದನ್ನೂ ಈಗಲೇ ನೋಡಬೇಕು. ಅದಕ್ಕೆ ಬೇಕಾದ ಶಾಖ, ತಯಾರಿಕೆಗೆ ಅನುಗುಣವಾಗಿ, ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಸೆಲ್ಸಿಯಸ್. ಥರ್ಮಾಕೋಲ್ 100 ಡಿಗ್ರಿಯ ಹತ್ತಿರ ಬರುವ ಮೊದಲೇ ಕುಗ್ಗಲಾರಂಭಿಸುತ್ತದೆ. ಅಂದರೆ ಥರ್ಮಾಕೋಲ್ ಗರ್ಭದ ಮೇಲೆಯೇ ಕ್ಲೇಯನ್ನು ಬೇಯಿಸಿದ್ದೇನೆ ಎಂದು ಯಾರಾದರೂ ಹೇಳಿದರೆ ಕ್ಲೇ ಬೆಂದಿಲ್ಲ, ಇಲ್ಲವೇ ಗರ್ಭ ಉಳಿದಿಲ್ಲ. ಎರಡೂ ಸರಿಯಾಗಿರಲು ಸಾಧ್ಯವೇ ಇಲ್ಲ. ಜೊತೆಗೆ ಬೇಯದ ಕ್ಲೇಯ ಮೃದುಕಾರಕವು ಥರ್ಮಾಕೋಲನ್ನು ತಾಗಿದಲ್ಲಿ ಅದನ್ನು ನಿಧಾನವಾಗಿ ತಿನ್ನುತ್ತದೆ. ಇಂತಹ ಮೊಟ್ಟೆಯನ್ನು ದುರಸ್ತಿ ಮಾಡುವುದಕ್ಕಿಂತ ಹುರುಪೆಗಳನ್ನು ಪ್ರತ್ಯೇಕವಾಗಿ ಬೇಯಿಸಿ ಹೊಸದಾಗಿ ಅಂಟಿಸುವುದೇ ಲೇಸು.

ಎರಡನೆಯ ಕಾರಣ ಯಕ್ಷಗಾನದ ಮಾದರಿಯ ಮೊಟ್ಟೆಗಳಿಗೆ ವಿಶೇಷವಾದದ್ದು, ಮತ್ತು ಊಹಿಸಲು ಕಷ್ಟವಾದದ್ದು. ಬಣ್ಣದ ವೇಷದ ಮುಖದ ಮೇಲೆ ಇಡುವ ಚುಟ್ಟಿಯನ್ನು ಅಕ್ಕಿಯ ಹಿಟ್ಟು ಮತ್ತು ಸುಣ್ಣ ಕಲಸಿ ತಯಾರಿಸುತ್ತಾರೆ. ರಕ್ಕಸನ ಮುಖದಲ್ಲಿ ಮುಳ್ಳುಮುಳ್ಳಾಗಿ ನಿಲ್ಲುವ ಆ ಬಿಳಿ ಸಾಲುಗಳು ಡ್ರ್ಯಾಗನಿನ ಮೈಗೆ ಎಷ್ಟು ಒಪ್ಪುತ್ತವೆಯೆಂದರೆ ಕೆಲವರು ಅದೇ ಮಿಶ್ರಣವನ್ನು ಮೊಟ್ಟೆಗೂ ಇಟ್ಟು ಮೇಲಿನಿಂದ ಎನಾಮಲ್ ಬಳಿಯುತ್ತಾರೆ. ಸುಣ್ಣ ಕ್ಷಾರ, ಎನಾಮಲಿನಲ್ಲಿರುವುದು ಎಣ್ಣೆಯಿಂದ ಮಾಡಿದ ರಾಳ. ತೇವವಿರುವಲ್ಲಿ ಕ್ಷಾರವು ಎಣ್ಣೆಯನ್ನು ಸಾಬೂನಾಗಿ ಮಾರ್ಪಡಿಸುತ್ತದೆ. ಹೊಸ ಸುಣ್ಣದ ಗೋಡೆಗೆ ಎಣ್ಣೆ ಬಣ್ಣ ಬಳಿದರೆ ಅದು ಜಿಗುಟಾಗಿ ಸುಲಿದು ಬರುವುದು ಇದೇ ಕಾರಣದಿಂದ. ಇದನ್ನು ಪತ್ತೆಹಚ್ಚಲು ಅಡುಗೆಮನೆಯ ಅರಶಿನವೇ ಸಾಕು: ಅಂಟುವ ಜಾಗದ ಬಣ್ಣವನ್ನು ಸ್ವಲ್ಪ ಕೆರೆದು, ನೀರಿನಲ್ಲಿ ಕಲಸಿದ ಅರಶಿನವನ್ನು ಹತ್ತಿಯಲ್ಲಿ ತಾಗಿಸಿದಾಗ ಅದು ಕೆಂಪಾದರೆ ಕೆಳಗೆ ಕ್ಷಾರವಿದೆ. ಹಳದಿಯಾಗಿಯೇ ಉಳಿದರೆ ಬೇರೆ ಕಾರಣ ಹುಡುಕಬೇಕು. ಕೆಂಪಾದಲ್ಲಿ ಎನಾಮಲನ್ನೂ ಚುಟ್ಟಿಯನ್ನೂ ತೆಗೆದುಹಾಕಿ ಚುಟ್ಟಿಯನ್ನು ಅಕ್ರಿಲಿಕ್ ಪೇಸ್ಟಿನಿಂದಲೋ ಎಪಾಕ್ಸಿ ಪುಟ್ಟಿಯಿಂದಲೋ ಪುನಃ ಇಡತಕ್ಕದ್ದು. ಸಂಪ್ರದಾಯ ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ವೇಷ ಕಟ್ಟುವ ಚೌಕಿಯಲ್ಲಿ ಇಡುವ ಚುಟ್ಟಿ ಬೆಳಗಿನ ಮಂಗಳದ ತನಕ ನಿಂತರೆ ಅದರ ಕೆಲಸ ಮುಗಿಯಿತು, ಆಮೇಲೆ ಅದನ್ನು ತೆಗೆಯುವುದೇ ಕ್ರಮ. ಕಪಾಟಿನಲ್ಲಿ ವರ್ಷಗಟ್ಟಲೆ ಇರಬೇಕಾದ ವಸ್ತುವಿಗೆ ಅದು ಹೇಳಿಮಾಡಿಸಿದ್ದಲ್ಲ.

ಮೂರನೆಯದು ಎಪಾಕ್ಸಿಯ ಅಳತೆ ತಪ್ಪಿರುವುದು. ಕ್ಲೇಯೂ ಇಲ್ಲ, ಸುಣ್ಣವೂ ಇಲ್ಲ, ಮೇಲೆ ಸುರಿದ ಪಾರದರ್ಶಕ ರಾಳವೇ ಅಲ್ಲಲ್ಲಿ ಜಿಗುಟಾಗಿ ಅಲ್ಲಲ್ಲಿ ಗಟ್ಟಿಯಾಗಿ ಇದ್ದರೆ ರಾಳ ಮತ್ತು ಗಟ್ಟಿಕಾರಕ ಚೆನ್ನಾಗಿ ಬೆರೆತಿಲ್ಲ. ಎಲ್ಲೆಡೆಯೂ ಒಂದೇ ಸಮ ಮೆತ್ತಗಿದ್ದರೆ ಪ್ರಮಾಣವೇ ತಪ್ಪಿದೆ. ಗಟ್ಟಿಕಾರಕವನ್ನು ಮೇಲಿನಿಂದ ಸವರಿದರೆ ಸರಿಯಾಗುತ್ತದೆಂಬುದು ಭ್ರಮೆ. ಮೆತ್ತಗಿನ ಭಾಗವನ್ನು ಕೆರೆದು ತೆಗೆದು, ಸರಿಯಾದ ಅಳತೆಯ ಹೊಸ ಪದರವನ್ನು ಕೊಡಬೇಕು.

ಚಿನ್ನ ಕಪ್ಪಾಗುವುದು, ಬೇಗಡೆ ಮಾಯವಾಗುವುದು

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಚಿನ್ನದ ಎಲೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಾಮ್ರವಿದ್ದಲ್ಲಿ ಕಪ್ಪಾಗುವ ಸಾಧ್ಯತೆ ಇದ್ದೇ ಇದೆ. ಕಪ್ಪು ಎಲ್ಲಿ ಹೇಗೆ ಹರಡಿದೆ ಎಂಬುದನ್ನು ನೋಡಿ ಕಾರಣವನ್ನು ತಿಳಿಯಬಹುದು. ಬೆರಳಚ್ಚಿನ ಆಕಾರದಲ್ಲಿ ಕಪ್ಪಾಗಿದ್ದರೆ ಬೆವರಿನ ಉಪ್ಪು: ಕೈಗವಸಿಲ್ಲದೆ ಎಲೆ ಅಂಟಿಸಿದ್ದಾರೆ. ಹಳದಿ ಬಣ್ಣದ ಅಂಚಿಗೆ ಹೊಂದಿಕೊಂಡ ಚಿನ್ನ ಮಾತ್ರ ಕಪ್ಪಾಗಿದ್ದರೆ ಆ ಹಳದಿ ಅರದಾಳವಾಗಿರುವ ಸಂಭವ ಬಲವಾಗಿದೆ. ಅದರ ಗಂಧಕ ತಾಮ್ರದೊಂದಿಗೆ ಕೂಡಿ ಕಪ್ಪು ಸಲ್ಫೈಡ್ ಆಗುತ್ತದೆ. ರಂಧ್ರದ ಸುತ್ತ ಅಥವಾ ಬಿರುಕಿನ ಗುಂಟ ಕಪ್ಪಾಗಿದ್ದರೆ ದೋಷ ಚಿಪ್ಪಿನ ಒಳಗಿದೆ. ಊದಿ ಖಾಲಿ ಮಾಡಿದ ನಿಜ ಮೊಟ್ಟೆಯಲ್ಲಿ ಒಳಪೊರೆಯೂ ಲೋಳೆಯ ಶೇಷವೂ ಉಳಿದು ಕೊಳೆತಾಗ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲವು ಯಾವ ಸಣ್ಣ ಸೀಳಿನಿಂದಲೂ ಹೊರಬಂದು ಚಿನ್ನವನ್ನು ಕಪ್ಪಾಗಿಸುತ್ತದೆ. ಮೊದಲ ತಪಾಸಣೆಯಲ್ಲಿ ಮೂಸಿ ನೋಡಬೇಕೆಂದದ್ದು ಇದಕ್ಕಾಗಿ.

ಒಳಗಿನ ದೋಷವಿದ್ದಾಗ ರಂಧ್ರವನ್ನು ತೆರೆದು ನೀರು ಬೆರೆಸಿದ ಬ್ಲೀಚ್ ದ್ರಾವಣವನ್ನು ಒಳಗೆ ಹೊಯ್ದು, ಪೊರೆ ಸಡಿಲವಾದ ಬಳಿಕ ಅಲುಗಾಡಿಸಿ ಚೆಲ್ಲಿ, ಸ್ವಚ್ಛ ನೀರಿನಿಂದ ಹಲವು ಸಲ ತೊಳೆದು, ರಂಧ್ರ ಕೆಳಗಾಗಿ ಒಣಗಲು ಬಿಡಬೇಕು. ಬ್ಲೀಚಿನೊಂದಿಗೆ ವಿನೆಗರನ್ನಾಗಲಿ ಇನ್ನಾವುದೇ ಹುಳಿಯನ್ನಾಗಲಿ ಸೇರಿಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ. ಒಳಭಾಗ ಪೂರ್ತಿ ಒಣಗಿ ವಾಸನೆ ನಿಂತ ಮೇಲೆಯೇ ಕಪ್ಪಾದ ಎಲೆಯನ್ನು ತೆಗೆದು ಹೊಸ ಎಲೆ ಅಂಟಿಸಿ, ತಡಮಾಡದೆ ವಾರ್ನಿಷ್ ಕೊಡಬೇಕು.

ಈಗಿನ ಬೇಗಡೆಯಲ್ಲಿ ಬಹಳಷ್ಟು ಪ್ಲಾಸ್ಟಿಕ್ ಹಾಳೆಗೆ ಅತಿ ತೆಳುವಾದ ಅಲ್ಯೂಮಿನಿಯಂ ಲೇಪ ಕೊಟ್ಟದ್ದು. ಅದು ಗಂಧಕಕ್ಕೆ ಕಪ್ಪಾಗುವುದಿಲ್ಲ, ಆದರೆ ಕ್ಷಾರಕ್ಕೆ ಕರಗುತ್ತದೆ. ಚುಟ್ಟಿಯ ಸಾಲಿನ ಪಕ್ಕದ ಬೇಗಡೆ ಹೊಳಪು ಕಳೆದುಕೊಂಡು ಬರಿಯ ಬಣ್ಣದ ಪ್ಲಾಸ್ಟಿಕಿನಂತೆ ಪಾರದರ್ಶಕವಾಗಿದ್ದರೆ ಅರಶಿನದ ಪರೀಕ್ಷೆಯನ್ನೇ ಮತ್ತೆ ಮಾಡಿ ನೋಡಬೇಕು.

ಬಿಳಿ ಮುಸುಕು ಮತ್ತು ಬೂಷ್ಟು

ಇವೆರಡನ್ನೂ ಒಂದೇ ಎಂದು ತಿಳಿಯುವವರಿದ್ದಾರೆ. ಲ್ಯಾಕರ್ ಬಳಿದ ಕೆಲವೇ ನಿಮಿಷಗಳಲ್ಲಿ ಮೈತುಂಬ ಸಮನಾಗಿ ಬಿಳುಪು ಮೂಡಿದರೆ ಅದು ಹವೆಯ ನೀರು: ಥಿನ್ನರ್ ಬೇಗ ಆವಿಯಾಗುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಇಳಿದು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆ ಬಿಟ್ಟ ಮಧ್ಯಾಹ್ನ, ನಿಧಾನವಾಗಿ ಆರುವ ಥಿನ್ನರನ್ನು ತೆಳುವಾಗಿ ಹೊಡೆದರೆ ಪದರ ಮತ್ತೆ ಸಡಿಲಗೊಂಡು ತೇವ ಹೊರಹೋಗಿ ಬಿಳುಪು ಮಾಯವಾಗುತ್ತದೆ. ಥರ್ಮಾಕೋಲಿನ ಗರ್ಭವುಳ್ಳ ಮೊಟ್ಟೆಗೆ ಮಾತ್ರ ಈ ಉಪಾಯ ಸಲ್ಲದು; ಥಿನ್ನರ್ ಒಂದು ಸೀಳಿನಿಂದ ಒಳಹೋದರೂ ಗರ್ಭ ಕರಗುತ್ತದೆ.

ಬಿಳುಪು ಅಥವಾ ಬೂದು ಬಣ್ಣ ವಾರಗಳ ಮೇಲೆ, ಚುಕ್ಕೆಚುಕ್ಕೆಯಾಗಿ, ಹಾಳೆ ಅಥವಾ ಕಾಗದದ ಭಾಗಗಳಲ್ಲಿ ಮೂಡಿದರೆ ಅದು ಬೂಷ್ಟು. ಒಣಬಟ್ಟೆಯಿಂದ ಉಜ್ಜಿದರೆ ಬೀಜಕಗಳು ಹರಡುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೀರು ಬೆರೆಸಿದ ಸ್ಪಿರಿಟಿನಲ್ಲಿ ಒದ್ದೆ ಮಾಡಿದ ಹತ್ತಿಯಿಂದ ಒರೆಸಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಸ್ಪಿರಿಟಿಗೆ ಅಕ್ರಿಲಿಕ್ ಬಣ್ಣ ಎದ್ದುಬರುವುದರಿಂದ ಮೊದಲು ಬುಡದಲ್ಲಿ ತಾಗಿಸಿ ನೋಡುವುದು ಕ್ಷೇಮ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬರುವುದಿಲ್ಲವೆಂದು ಹಿರಿಯರು ಹೇಳುವುದು ಸತ್ಯವೇ, ಆದರೆ ಹೊಗೆಯ ಜಿಡ್ಡು ಕೂತು ಬಿಳಿಯೆಲ್ಲ ಹಳದಿಯಾಗುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಮೇಲು. ಮೊಟ್ಟೆಯೊಳಗೆ ತೇವ ಉಳಿದಿರುವಾಗ ಡಬ್ಬಿಯಲ್ಲಿ ಮುಚ್ಚಿದರೆ ಆ ತೇವವೇ ಡಬ್ಬಿಯಲ್ಲಿ ತುಂಬಿಕೊಳ್ಳುವುದರಿಂದ, ಮೊದಲು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಗಲು ಇಟ್ಟು ಒಳಮೈಯಲ್ಲಿ ಹನಿಗಟ್ಟುತ್ತದೆಯೇ ಎಂದು ನೋಡಬೇಕು. ಹನಿ ಕಂಡರೆ ಇನ್ನೂ ಒಣಗಬೇಕಿದೆ.

ಬಣ್ಣ ಮಾಸುವುದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಮಿಂಚುವ ಗುಲಾಬಿ ಮತ್ತು ಕೆಲವು ಕೆಂಪುಗಳು ಕಿಟಕಿಯ ಬೆಳಕಿಗೆ ನಿಲ್ಲುವುದಿಲ್ಲ. ಕಾವಿಯಂತಹ ಕಬ್ಬಿಣದ ಆಕ್ಸೈಡಿನ ಕೆಂಪು ನಿಲ್ಲುತ್ತದೆ. ಬುಡದ ಬಣ್ಣ ಗಾಢವಾಗಿಯೇ ಇದ್ದು ಬೆಳಕಿನ ಕಡೆಯ ಮೈ ಮಾತ್ರ ಮಾಸಿದ್ದರೆ ಬೆಳಕೇ ಕಾರಣ. ನೀಲಿ ಮಾತ್ರ ಮಾಸಿದ್ದು ಅದರ ಕೆಳಗೆ ಚುಟ್ಟಿ ಇದ್ದರೆ ಪುನಃ ಸುಣ್ಣವನ್ನೇ ಶಂಕಿಸಬೇಕು, ಪ್ರಷ್ಯನ್ ನೀಲಿ ಕ್ಷಾರಕ್ಕೆ ಬಣ್ಣ ಕಳೆದುಕೊಳ್ಳುತ್ತದೆ.

ದುರಸ್ತಿ ಮುಗಿದ ಮೊಟ್ಟೆಯನ್ನು ಹೊರದೇಶಕ್ಕೆ ಕಳುಹಿಸುವುದಿದ್ದರೆ ಗುಳ್ಳೆ ಪ್ಲಾಸ್ಟಿಕನ್ನು ನೇರವಾಗಿ ವಾರ್ನಿಷಿಗೆ ತಾಗಿಸಿ ಸುತ್ತಕೂಡದು. ಪೂರ್ತಿ ಗಟ್ಟಿಯಾಗದ ವಾರ್ನಿಷಿನ ಮೇಲೆ ಗುಳ್ಳೆಗಳ ಅಚ್ಚು ಉಳಿಯುತ್ತದೆ. ಬೆಣ್ಣೆ ಕಾಗದದಲ್ಲಿ ಸುತ್ತಿ ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ ಹಾಕಬೇಕು, ಪೆಟ್ಟಿಗೆಯನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡದೆ ಅದೇ ದಿನ ಒಪ್ಪಿಸಬೇಕು.